ಕೇಳದೆ ಬಂದ ಕಾರ್ಬುರೇಟರ್

ಕಾಂತರಾಜೇ ಅರಸರ ಡ್ರೈವರ್ ಎಂಥ ಆಸಾಮಿ ಅಂತೀರಿ! ಅರಸರ ಅಜ್ಜನ ಕಾಲದ ಕಾರಿನ ಕಾರ್ಬುರೇಟರ್ ಬಿರುಕು ಬಿಟ್ಟಿತು. “ಭಾನುವಾರದ ಹಳೇ ಕಾರುಗಳ ರ್‍ಯಾಲಿಗೆ ಮುಂಚೆ ಒರಿಜಿನಲ್ಲೇ ತಂದು ಹಾಕು, ಇಲ್ಲ ಕೆಲಸ ಬಿಡು,” ಎಂದು ಅರಸರು ಗುಡುಗಿದರು.

ಗುಜರಿಯಲ್ಲೆಲ್ಲೂ ಸಿಗಲಿಲ್ಲ. ಅದೇ ಮಾದರಿಯ ಕಾರಿದ್ದದ್ದು ಕರ್ನಲ್ ಪೂವಯ್ಯನವರ ಹತ್ತಿರ ಮಾತ್ರ. ಅವರಿಗೂ ಅರಸರಿಗೂ ಎಣ್ಣೆ ಸೀಗೆಕಾಯಿ.

ಡ್ರೈವರ್ ಕರ್ನಲ್ ಮನೆಗೇ ಹೋದ. “ಸಾರ್, ನಮ್ಮ ಅರಸರ ಕಾರಿಗೆ ಕೂರೋ ಒರಿಜಿನಲ್ ಕಾರ್ಬುರೇಟರ್ ನಿಮ್ಮ ಹತ್ರ ಇರೋಕೆ ಸಾಧ್ಯವೇ ಇಲ್ಲವಂತೆ, ನಿಜವಾ?”

“ಯಾರಯ್ಯ ಹಾಗಂದದ್ದು? ಎರಡಿವೆ!”

ಕರ್ನಲ್ ಒಂದನ್ನು ಹಿಡಿದು ಬಂದು, ಅರಸರ ಕಾರಿಗೆ ತಾವೇ ಕೂರಿಸಿ, ಸ್ಟಾರ್ಟ್ ಮಾಡಿ ತೋರಿಸಿದರು. “ರ್‍ಯಾಲಿಗೂ ಇದರಲ್ಲೇ ಬನ್ನಿ. ಯಾರದ್ದು ಅಂತ ಊರಿಗೆಲ್ಲ ಗೊತ್ತಾಗಲಿ!” ಎಂದು ಬೀಗುತ್ತಾ ಹೊರಟರು.

ಅರಸರು ಮೂಗಿನ ಮೇಲೆ ಬೆರಳಿಟ್ಟರು. “ಆ ಮನುಷ್ಯನ್ನ ಹೇಗಯ್ಯ ಕೇಳಿದೆ?”

“ಕೇಳಿದ್ರೆ ಇಲ್ಲ ಅಂತಿದ್ರು ಬುದ್ಧಿ. ಇಲ್ಲ ಅಂದೆ, ತಂದುಕೊಟ್ರು.”