ಸಾವ್ಕಾರರ ಹಿತ್ತಾಳೆ ಹೆಸರು

ದ್ಯಾಮವ್ವ ಬಾಡಿಗೆಗೆ ಹಿಡಿದಿದ್ದ ಮಳಿಗೆಯ ಮಾಲೀಕ ಚನ್ನವೀರಪ್ಪ ತನ್ನ ರಿಮೋಟ್ ಆಟಿಕೆ ಕಾರನ್ನು ತಂದು ಅವಳ ರಿಪೇರಿ ಅಂಗಡಿಯಲ್ಲಿ ಕುಕ್ಕಿದ. ಜೋರಾಗಿ ಬಿಟ್ಟರೆ ಸಾಕು, ಅದು ಮೂತಿ ಎತ್ತಿ ಮಗುಚುತ್ತಿತ್ತು. ಅವನ ಹೆಸರು ಕೆತ್ತಿದ ದಪ್ಪ ಹಿತ್ತಾಳೆ ಫಲಕ ಕಾರಿನ ಹಿಂದೆ ನೆಟ್ಟಗೆ ನಿಂತಿತ್ತು. ಭಾರವೆಲ್ಲ ಅಲ್ಲೇ.

“ನಾಳೆ ರೇಸಿನ್ಯಾಗ ಇದು ಗೆಲ್ಲಬೇಕು. ಇಲ್ಲಂದ್ರ ಅಂಗಡಿ ಖಾಲಿ ಮಾಡು. ನನ್ನ ಹೆಸರು ಮಾತ್ರ ತೆಗೀಬ್ಯಾಡ!”

“ತೆಗೆಯೂದ್ಯಾಕ್ರಿ ಸಾವ್ಕಾರ್ರ? ನಿಮ್ಮಂಥವರ ಹೆಸರು ಹಿಂದ್ಯಾಕ ಇರಬೇಕು? ಮುಂದ ಇರಲಿ.”

ಚನ್ನವೀರಪ್ಪ ಹಿಗ್ಗಿದ. “ಹಂಗ ಮಾಡು!”

ಮರುದಿನ ಕಾರು ನೆಲಕ್ಕೆ ಅಂಟಿಕೊಂಡಂತೆ ಓಡಿ ಗೆದ್ದಿತು. ಅವನು ಅದನ್ನು ಎತ್ತಿ ಜನರಿಗೆ ತೋರಿಸಿದ. ಹೆಸರೇ ಕಾಣಲಿಲ್ಲ. ತಿರುಗಿಸಿ ನೋಡಿದರೆ ಫಲಕ ಮೂತಿಯ ಅಡಿಯಲ್ಲಿ ಧೂಳು ಮೆತ್ತಿಕೊಂಡು ಬೋರಲಾಗಿತ್ತು.

“ಏನವ್ವಾ ಇದು? ನನ್ನ ಹೆಸರು ನೆಲಕ್ಕ ಹಾಕೀಯಲ್ಲ!”

ದ್ಯಾಮವ್ವ ತಲೆ ತಗ್ಗಿಸಲಿಲ್ಲ. “ಮುಂದ ಐತಲ್ರಿ. ಅದು ತಗ್ಗಿದ್ದಕ್ಕ ಕಾರು ಗೆದ್ದೈತಿ. ಬ್ಯಾಡಂದ್ರ ಈಗಲೇ ಮೊದಲಿನಂಗ ನಿಲ್ಲಿಸ್ತೀನಿ. ಎಲ್ಲಾರ ಮುಂದ ಇನ್ನೊಮ್ಮೆ ಓಡಿಸ್ರಿ.”

ಜನ ಗೊಳ್ಳೆಂದು ನಕ್ಕರು. ಚನ್ನವೀರಪ್ಪ ಕಾರನ್ನು ಮೆಲ್ಲಗೆ, ಹೆಸರು ಕೆಳಗಾಗಿಯೇ, ನೆಲಕ್ಕಿಟ್ಟ. ಅಂಗಡಿಯ ಬೀಗದಕೈ ದ್ಯಾಮವ್ವನ ಸೊಂಟದಲ್ಲೇ ಉಳಿಯಿತು.