ಮಾರಿದ ಮರುದಿನ

ಪ್ರಭಂಜನ ಇಪ್ಪತ್ತಾರು ವರ್ಷ ದುಬೈಯಲ್ಲಿ ಕೂತು ಅರಬರ ಹಣವನ್ನು ಪೂರ್ವ ಆಫ್ರಿಕಾದಲ್ಲಿ ಹೂಡಿದವನು. ಐವತ್ತೆರಡಕ್ಕೆ ಕೆಲಸ ಬಿಟ್ಟು, ಅರಬ್ ಮತ್ತು ಆಫ್ರಿಕಾದ ಎರಡು ಕರಾವಳಿಗಳ ಸಂಬಂಧದ ಬಗ್ಗೆ ಸಂಶೋಧನೆ ಮಾಡುತ್ತೇನೆಂದು ಹೊರಟ.

ಇಂಥವರಿಗೆ ಜ್ಞಾನದ ಹಸಿವು ಸಾಮಾನ್ಯವಾಗಿ ಹೊಟ್ಟೆ ತುಂಬಿದ ಮೇಲೆ ಶುರುವಾಗುತ್ತದೆ. ಆದರೂ ಅವನಿಗೆ ನಿಜಕ್ಕೂ ಕಲಿಯಬೇಕಿತ್ತು.

ಪ್ರಾಧ್ಯಾಪಕಿ ಮಂದಾಕಿನಿ ಅವನಿಗಿಂತ ನಾಲ್ಕು ವರ್ಷ ಚಿಕ್ಕವರು. ಶ್ರೀರಂಗಪಟ್ಟಣದಲ್ಲಿ, ಹೊಳೆ ದಂಡೆಯ ಮನೆ. ಅವರ ಬಳಿ ಇನ್ನೊಬ್ಬ ಶಿಷ್ಯನಿಗೆ ಮಾತ್ರ ಜಾಗವಿತ್ತು.

ಅವನು ಅರ್ಜಿಯ ಜೊತೆ ನಾನೂರು ಪುಟದ ಕರಡನ್ನೂ ಕೊಟ್ಟ. ಅವರು ಕೊನೆಯ ಪುಟ ತೆಗೆದರು.

“ಮೊಂಬಾಸಾದಲ್ಲಿ ಮೀನಿನ ಕೋಲ್ಡ್ ಸ್ಟೋರೇಜ್. ಕಥೆ ಇಲ್ಲಿಗೇ ಯಾಕೆ ನಿಂತಿತು?”

“ಅವತ್ತು ನಮ್ಮ ಪಾಲು ಮಾರಿದೆವು, ಮೇಡಂ.”

“ಮರುದಿನ ಏನಾಯಿತು?”

“ಮರುದಿನ ನಾವು ಇರಲಿಲ್ಲವಲ್ಲ.”

“ಮೀನು ಇತ್ತಲ್ಲ?”

ಅವರು ಕರಡನ್ನು ಮುಚ್ಚಿ ಅವನ ಕಡೆಗೆ ತಳ್ಳಿದರು.

“ಇದು ಎರಡು ಕರಾವಳಿಗಳ ಸಂಬಂಧವಲ್ಲ, ನಿಮ್ಮ ಹಾಜರಿ ಪುಸ್ತಕ. ಹೋಗಿ ನೋಡಿಕೊಂಡು ಬನ್ನಿ. ಸೇರಿಸಿಕೊಳ್ಳುವ ಮಾತು ಆಮೇಲೆ.”

ಎರಡು ತಿಂಗಳ ಮೇಲೆ ಬಂದ. ಕೈಯಲ್ಲಿ ಒಂದು ನೋಟ್‌ಬುಕ್ಕು ಮಾತ್ರ ಇತ್ತು.

“ಅದನ್ನು ಮುಚ್ಚಿದ್ದಾರೆ, ಮೇಡಂ. ಕೊಂಡವರು ಮರುವಾರವೇ ಯಂತ್ರ ಬಿಚ್ಚಿ ಒಯ್ದರಂತೆ. ಈಗ ಮೀನುಗಾರರು ಮೀನು ಕೆಡುವ ಮೊದಲು ಸಿಕ್ಕ ಬೆಲೆಗೆ ಮಾರುತ್ತಾರೆ.”

“ಯಾರು ಹೇಳಿದ್ದು?”

“ಝುಹುರಾ ಅಂತ. ಮೊದಲು ಅಲ್ಲೇ ತೂಕ ಹಾಕುತ್ತಿದ್ದವರು. ನನ್ನನ್ನು ನೋಡಿದ ತಕ್ಷಣ ಗುರುತು ಹಿಡಿದರು. ನನಗೆ ಅವರ ಮುಖ ನೆನಪೇ ಇರಲಿಲ್ಲ.”

“ಬೈದರೋ?”

“ಇಲ್ಲ. ಮನೆಗೆ ಕರೆದು ಊಟ ಹಾಕಿದರು. ಬೈದಿದ್ದರೆ ಬರೆದುಕೊಳ್ಳಬಹುದಿತ್ತು.”

“ಏನೂ ಕೇಳಲಿಲ್ಲವೋ?”

“ಈ ಸಲ ಎಷ್ಟು ದಿನ ಇರುತ್ತೀಯ ಅಂದರು. ಒಂದೂವರೆ ತಿಂಗಳು ಅಂದೆ. ಪರವಾಗಿಲ್ಲ, ಸುಧಾರಿಸಿದ್ದೀಯ ಅಂತ ನಕ್ಕರು.”

ಮಂದಾಕಿನಿಯೂ ನಕ್ಕರು. ಅವನು ನಗಲಿಲ್ಲ.

“ಮೇಡಂ, ಅದನ್ನು ಕೊಂಡವರನ್ನು ಹುಡುಕಿದ್ದೇ ನಾನು. ಇದನ್ನು ಬರೆಯುವ ಯೋಗ್ಯತೆ ನನಗಿಲ್ಲ. ಈ ಜಾಗ ಬೇರೆ ಯಾರಿಗಾದರೂ ಕೊಡಿ.”

ಅವರು ನೋಟ್‌ಬುಕ್ಕು ತೆರೆದು ನೋಡಿದರು. ಮೊದಲ ಪುಟ ಖಾಲಿ ಇತ್ತು. ಅವನ ಹಳೆಯ ಅರ್ಜಿಯನ್ನು ಹುಡುಕಿ ತೆಗೆದು ಸಹಿ ಹಾಕಿದರು. ಆಮೇಲೆ ಅದೇ ಪೆನ್ನನ್ನು ಅವನ ಮುಂದಿಟ್ಟರು.

“ಝುಹುರಾ ಊಟಕ್ಕೆ ಏನು ಮಾಡಿದ್ದರು? ಅಲ್ಲಿಂದ ಶುರು ಮಾಡಿ.”