ಅಳಿಲಿನ ರ‍್ಯಾಂಕಿಂಗು, ಹಲ್ಲಿಯ ಲೊಚ್

ಕಾಡಿನ ಟೆನಿಸ್ ಆಟಗಾರರಲ್ಲಿ ಸರಸರನೆ ಮೇಲೇರುತ್ತಿದ್ದದ್ದು ಒಂದು ಎಳೆಯ ಅಳಿಲು. ಇನ್ನೊಂದೇ ಪಂದ್ಯ ಗೆದ್ದರೆ ಅದರ ರ‍್ಯಾಂಕಿಂಗು ಮೊದಲ ಹತ್ತರೊಳಗೆ. ಆಟಕ್ಕಿಳಿಯುವಾಗ ಅದು "ಗೆಲ್ತೀನಾ?" ಎಂದು ಗೊಣಗಿಕೊಂಡಿತು. ಗೋಡೆಯ ಮೇಲಿದ್ದ ಮುದಿ ಹಲ್ಲಿ "ಲೊಚ್" ಎಂದಿತು.

"ಹಲ್ಲಿಯಜ್ಜಿಯೇ ಹೌದು ಅಂದಮೇಲೆ ಮುಗೀತು!" ಎಂದು ಅಳಿಲು ಹಿಗ್ಗಿತು. ಅಲ್ಲಿಂದ ಮುಂದೆ ಲೊಚ್ ಕೇಳದೆ ಅದು ಒಂದು ಸರ್ವನ್ನೂ ಹೊಡೆಯಲಿಲ್ಲ.

ಎದುರಾಳಿ ಕಪ್ಪೆಗೆ ರೇಗಿತು. "ಏನಮ್ಮಾ, ಚೆಂಡು ಹೊಡೀತೀಯೋ, ಮುಹೂರ್ತ ನೋಡ್ತೀಯೋ?"

ಗೆಲ್ಲಲು ಒಂದೇ ಪಾಯಿಂಟ್ ಉಳಿದಾಗ ಹಲ್ಲಿ ಸುಮ್ಮನಾಯಿತು. ಅಳಿಲು ಚೆಂಡು ಹಿಡಿದು ಗೋಡೆಯನ್ನೇ ನೋಡುತ್ತ ನಿಂತಿತು. ಅಂಪೈರ್ ಕೊಕ್ಕರೆ ತಡವಾಯಿತೆಂದು ಮೊದಲು ಎಚ್ಚರಿಸಿತು, ಆಮೇಲೆ ಕಪ್ಪೆಗೆ ಪಾಯಿಂಟ್ ಕೊಟ್ಟಿತು. ಅಳಿಲು ಆಗಲೂ ಕದಲಲಿಲ್ಲ. ಕೊನೆಗೆ ಬೇಸತ್ತ ಕೊಕ್ಕರೆ ಕಪ್ಪೆಗೆ ಪಂದ್ಯವನ್ನೇ ಕೊಟ್ಟುಬಿಟ್ಟಿತು.

ಆಗ "ಲೊಚ್" ಎಂದಿತು ಹಲ್ಲಿ.

"ಈಗ ಹೇಳಿ ಏನು ಬಂತು, ಅಜ್ಜಿ?" ಅಳಿಲು ಅಳುತ್ತ ಕೇಳಿತು. "ಆಗಲೇ ಹೇಳಬಾರದಿತ್ತಾ?"

"ಬಾಯಿ ತುಂಬ ಸೊಳ್ಳೆ ಇತ್ತು ಕಣೇ ಮಗಳೇ," ಎಂದಿತು ಹಲ್ಲಿ. "ಅದಿರಲಿ, ನೀವಿಬ್ಬರೂ ಇಲ್ಲಿ ಏನು ಮಾಡ್ತಿದ್ದಿರಿ?"